ಅಂಜೂರದ ಜೀವಪರೀಕ್ಷೆ

"ರೀ, ಆ ಗಿಡ ಬದುಕಿದೆಯೋ ಸತ್ತಿದೆಯೋ, ಅಷ್ಟು ಹೇಳಿಬಿಡಿ," ಎಂದಳು ಟೈಲರನ ಹೆಂಡತಿ, ಒಗೆದ ಬಟ್ಟೆ ಹಿಂಡುತ್ತ. "ಸಂಜೆ ಅಮ್ಮ ಬರ್ತಾರೆ. ಚಪ್ಪಲಿ ಬಿಡೋಕೆ ಮುಂಚೆ ಅವರು ಅದನ್ನೇ ನೋಡೋದು."

ಅಂದು ಟೈಲರನಿಗೆ ವಾರದ ರಜೆ. ಚಳಿಗಾಲದ ಹಿತ್ತಿಲ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸುವ ಹುರುಪಿನಿಂದ ಎದ್ದಿದ್ದ. ಗುಲಾಬಿ ಕತ್ತರಿಸಬೇಕು, ಖಾಲಿ ಮಡಿಯ ಮಣ್ಣು ಅಗೆದು ಮಗುಚಬೇಕು, ಉದುರಿದ ಎಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಹೆಂಡತಿಯ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಗುದ್ದಲಿಯನ್ನು ಗೋಡೆಗೆ ಒರಗಿಸಿಬಿಟ್ಟ.

ಆ ಅಂಜೂರದ ಗಿಡ ಅತ್ತೆ ಕೊಟ್ಟದ್ದು. ಅದಕ್ಕೆ ಮುಂಚೆ ಕೊಟ್ಟ ನಿಂಬೆ ಒಣಗಿತ್ತು, ದಾಸವಾಳ ಕೊಳೆತಿತ್ತು. ಮೂರನೆಯದನ್ನು ಕೊಡುವಾಗ ಆಕೆ, "ಇದನ್ನಾದರೂ ಉಳಿಸ್ಕೊಂಡ್ರೆ, ಮಗಳನ್ನ ಕೊಟ್ಟಿದ್ದು ತಪ್ಪಾಗಲಿಲ್ಲ ಅಂದ್ಕೋತೀನಿ ಅಳಿಯಂದಿರೇ" ಎಂದಿದ್ದರು. ನಗುನಗುತ್ತಲೇ ಹೇಳಿದ್ದರು, ನಿಜ. ಆದರೆ ಅತ್ತೆಯ ನಗುವನ್ನು ನಂಬಿ ನೆಮ್ಮದಿಯಿಂದ ನಿದ್ದೆ ಮಾಡಿದ ಅಳಿಯ ಇನ್ನೂ ಹುಟ್ಟಿಲ್ಲ.

ಎದೆಮಟ್ಟ ಬೆಳೆದ ಗಿಡ ಚಳಿಗೆ ಎಲೆಯೆಲ್ಲ ಉದುರಿಸಿ, ಬಟ್ಟೆ ಒಣಗಿಸುವ ಕೋಲಿನ ಹಾಗೆ ನಿಂತಿತ್ತು. ಟೈಲರ್ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ದಿನಾ ನೀರು ಹಾಕಿದ್ದನೇ ಹೊರತು ಇಷ್ಟು ಹತ್ತಿರದಿಂದ ಅದನ್ನು ನೋಡಿರಲಿಲ್ಲ. ಇದರೊಳಗೆ ಈಗ ಏನು ನಡೆಯುತ್ತಿರಬಹುದು? ನಿದ್ದೆಯೋ, ಸಾವೋ? ಭಯದ ಜೊತೆಗೆ ಅವನಿಗೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಾಯಿತು.

ತೊಗಟೆ ಕೆರೆದಾಗ ಒಳಗೆ ಹಸಿರಿದ್ದರೆ ಜೀವ ಇದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಉಗುರಿನಿಂದ ಒಂದಿಷ್ಟು ಕೆರೆದ. ಬೇರೆಯವರಾಗಿದ್ದರೆ ಹಸಿರು ಎಂದು ಎದ್ದುಬಿಡುತ್ತಿದ್ದರು. ಇವನು ಟೈಲರ್. ಬಟ್ಟೆಗೆ ದಾರ ಹೊಂದಿಸುವವನಿಗೆ ಹಸಿರು ಎಂದರೆ ಒಂದೇ ಹಸಿರಲ್ಲ. ಇದು ಎಳೆ ಹಸಿರೋ, ಪಾಚಿ ಹಸಿರೋ, ಬೂದಿಗೆ ತಿರುಗಿದ ಹಸಿರೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದ.

"ಏನಯ್ಯಾ ಟೈಲರ್, ಗಿಡದ ಹತ್ರ ಗುಟ್ಟು ಹೇಳ್ತಿದ್ದೀಯಾ?" ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಗೋಡೆಯ ಮೇಲಿಂದ ಕತ್ತು ಹಾಕಿದರು. ವಿಷಯ ಕೇಳಿದ ಮೇಲೆ ಅವರು ಸುಮ್ಮನಿರುವುದುಂಟೇ? ಸುತ್ತಿ ಬರುವಷ್ಟು ತಾಳ್ಮೆಯಿಲ್ಲದೆ ಗೋಡೆ ಹತ್ತಿಯೇ ಇಳಿದರು.

"ಒಂದು ಕಡೆ ನೋಡಿ ತೀರ್ಮಾನ ಮಾಡೋದು ದಡ್ಡತನ. ಬಿಸಿಲು ಬೀಳೋ ಕಡೆ ನೋಡು," ಎಂದು ತಾವೇ ಮನೆಯ ಬೀಗದ ಕೈಯಿಂದ ಕೆರೆದರು. "ಹಸಿರಿದೆ! ಆದ್ರೆ ಇದು ಹಳೇ ಹಸಿರೂ ಇರಬಹುದು."

ಅಷ್ಟರಲ್ಲಿ ಎದುರುಮನೆಯ ಕಾಂಪೌಂಡರ್ ಹಲ್ಲುಜ್ಜುತ್ತಲೇ ಬಂದ. ಆಸ್ಪತ್ರೆಯಲ್ಲಿ ಅವನ ಮಾತನ್ನು ಯಾರೂ ಕೇಳುವುದಿಲ್ಲ. ಆ ಬಾಕಿಯನ್ನೆಲ್ಲ ಬೀದಿಯಲ್ಲಿ ತೀರಿಸಿಕೊಳ್ಳುತ್ತಾನೆ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತ.

"ನಾಡಿ ಸಿಕ್ತಾ?" ಟೈಲರ್ ಪಿಸುಗುಟ್ಟಿದ.

"ಪಾರ್ಶ್ವವಾಯು ಆದವರಿಗೆ ಒಂದು ಕಡೆ ಚೆನ್ನಾಗೇ ಇರುತ್ತೆ, ಇನ್ನೊಂದು ಕಡೆ ಹೋಗಿರುತ್ತೆ. ಸುತ್ತಲೂ ನೋಡ್ಬೇಕು. ಕೊಂಬೆನೂ ಬಗ್ಗಿಸಿ ನೋಡ್ಬೇಕು. ಬಗ್ಗಿದರೆ ಜೀವ, ಮುರಿದರೆ ಇಲ್ಲ."

ಸುತ್ತಲೂ ಕೆರೆದರು. ಎಲ್ಲ ಕಡೆ ಹಸಿರೇ. ಕೊಂಬೆ ಬಗ್ಗಿಸಿದರು. ಬಗ್ಗಿತು. ಇನ್ನೂ ಬಗ್ಗಿಸಿದರು, ಬಗ್ಗಿತು. ಎಷ್ಟರ ಮಟ್ಟಿಗೆ ಬಗ್ಗುತ್ತದೆ ಎಂಬ ಕುತೂಹಲಕ್ಕೆ ಮತ್ತೂ ಬಗ್ಗಿಸಿದಾಗ ಮುರಿಯಿತು. "ಇದೊಂದು ಹೋಗಿತ್ತು," ಎಂದ ಕಾಂಪೌಂಡರ್. ಹೀಗೆ ಒಂದನ್ನು ಬಿಟ್ಟು ಎಲ್ಲ ಕೊಂಬೆಗಳೂ ಒಂದೊಂದಾಗಿ ಪರೀಕ್ಷೆಯಲ್ಲಿ ನಪಾಸಾದವು.

"ಸಾಕು ಬಿಡ್ರಪ್ಪಾ," ಎಂದ ಟೈಲರ್. ಹಾಗೆಂದವನೇ, ಕೊನೆಯ ಕೊಂಬೆ ಏನಾಗುತ್ತದೆಂದು ನೋಡಲು ಅದನ್ನು ತಾನೇ ಬಗ್ಗಿಸಿದ. ಅದೂ ಮುರಿಯಿತು.

ಬೀದಿಯ ಕೊನೆಯ ಮನೆಯ ಲಾರಿ ಡ್ರೈವರನನ್ನು ಎಲ್ಲರೂ ಪೈಲ್ವಾನ್ ಎನ್ನುತ್ತಾರೆ. ಗುಂಪು ಕಂಡು ಗೇಟು ತಳ್ಳಿಕೊಂಡು ಬಂದವನು ಎಲ್ಲ ಕೇಳಿ ನಕ್ಕ. "ಮೇಲೆ ನೋಡಿದ್ರೆ ಏನು ಗೊತ್ತಾಗುತ್ತೆ ಸಾರ್? ಬೇರು ಗಟ್ಟಿ ಇದೆಯಾ ನೋಡಿ. ನಾನು ಸ್ವಲ್ಪ ಅಲ್ಲಾಡಿಸ್ತೀನಿ, ಅಷ್ಟೇ."

ಅಲ್ಲಾಡಿಸಿದ. ಗಿಡ ಮಿಸುಕಲಿಲ್ಲ. ಅಲ್ಲಿಗೆ ಎಲ್ಲರಿಗೂ ಉತ್ತರ ಸಿಕ್ಕಿತ್ತು. ಆದರೆ ತಾನು ಹಿಡಿದದ್ದು ಮಿಸುಕದಿರುವುದು ಪೈಲ್ವಾನನಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಲುಂಗಿ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಜಗ್ಗಿದ. ನೆಲದೊಳಗೆ ಏನೋ ಚಟ್ ಎಂದಿತು. ಗಿಡ ಕೈಗೆ ಬಂತು.

ಮುರಿದ ಬೇರಿನ ತುದಿ ಬೆಳ್ಳಗಿತ್ತು. ಅದರಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಜೀವ ಇದೆ! ನೋಡಿ, ಹಾಲು!" ಎಂದು ಕಾಂಪೌಂಡರ್ ಕೂಗಿದ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಟೈಲರನೂ ತಟ್ಟಿದ. ಅಬ್ಬಾ, ಬದುಕಿದೆ! ಆ ಒಂದು ಗಳಿಗೆ ಅವನಷ್ಟು ಸುಖಿ ಬೀದಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವನ ಕಣ್ಣು ನೆಲದ ಗುಂಡಿಯ ಮೇಲೆ ಬಿತ್ತು.

"ಮತ್ತೆ ನೆಟ್ಟುಬಿಡಿ, ಏನಾಗಲ್ಲ," ಎನ್ನುತ್ತ ಪೈಲ್ವಾನ್ ಕೈ ಕೊಡವಿಕೊಂಡ. ಕಾಂಪೌಂಡರನಿಗೆ ಡ್ಯೂಟಿ ನೆನಪಾಯಿತು. ಮೇಷ್ಟ್ರು ಈ ಸಲ ಗೇಟಿನಿಂದಲೇ ಹೋದರು. ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ಈ ಬೀದಿಯ ನೆಂಟರು ಆಪತ್ತನ್ನು ತಂದುಕೊಟ್ಟು ಹೋಗುವವರು.

ಸದ್ದು ಕೇಳಿ ಹೆಂಡತಿ ಹೊರಗೆ ಬಂದಳು. ಸುತ್ತಲೂ ಸಿಪ್ಪೆ ಸುಲಿದ, ಕೊಂಬೆಯಿಲ್ಲದ, ಬೇರಿಲ್ಲದ ಕೋಲನ್ನು ಗಂಡ ಮಗುವಿನಂತೆ ಎತ್ತಿಕೊಂಡು ನಿಂತಿದ್ದ.

"ಬದುಕಿತ್ತು ಕಣೇ," ಎಂದ.

"ಬದುಕಿದೆಯಾ ಅಂತ ಕೇಳಿದೆ ಅಷ್ಟೇ. ಸಾಯಿಸಿ ಉತ್ತರ ಹೇಳಿ ಅಂದ್ನಾ?"

ಟೈಲರನಿಗೆ ಅಳು ಬರುವುದೊಂದು ಬಾಕಿ. ನಿಂಬೆ, ದಾಸವಾಳ, ಈಗ ಅಂಜೂರ. ಅತ್ತೆ ಬಾಯಿಬಿಟ್ಟು ಬೈದರೆ ತಡೆದುಕೊಳ್ಳಬಹುದು. ಆಕೆ ಮತ್ತೆ ನಗುತ್ತಾರಲ್ಲ, ಅದನ್ನು ಹೇಗೆ ತಡೆಯುವುದು?

ಕೈ ಕಟ್ಟಿಕೊಂಡು ಕೂರುವ ಬದಲು ತನಗೆ ಬರುವ ಕೆಲಸವನ್ನೇ ಮಾಡಿದ. ಗಿಡವನ್ನು ಗುಂಡಿಯಲ್ಲಿಟ್ಟು, ಬೀಳದಂತೆ ಗೂಟ ಬಡಿದು ಕಟ್ಟಿದ. ಯಾರದೋ ಕೋಟು ಹೊಲಿದು ಉಳಿದಿದ್ದ ಕಂದು ಉಣ್ಣೆ ಬಟ್ಟೆ ತಂದು, ಟೇಪು ಹಿಡಿದು ಅಳತೆ ತೆಗೆದು, ಮಿಷನ್ನಿನ ಮುಂದೆ ಕೂತ. ಊಟವನ್ನೂ ಮರೆತ. ಸಂಜೆಯ ಹೊತ್ತಿಗೆ ಗೂಟ, ಗಾಯ, ಮುರಿದ ಗೆಣ್ಣು ಎಲ್ಲವನ್ನೂ ಮುಚ್ಚಿಕೊಂಡು ಅಂಜೂರದ ಗಿಡ ಕಾಲರಿರುವ ಕೋಟು ತೊಟ್ಟು ನಿಂತಿತ್ತು. ಮುಂದುಗಡೆ ಗುಂಡಿಗಳೂ ಇದ್ದವು.

ಅತ್ತೆ ಬಂದರು. ಬ್ಯಾಗನ್ನು ಗೇಟಿನ ಬಳಿಯೇ ಇಟ್ಟು ಸೀದಾ ಗಿಡದ ಹತ್ತಿರ ಹೋದರು. ಸೆರಗು ಸರಿಮಾಡಿಕೊಂಡು ಸುತ್ತ ಒಂದು ಸುತ್ತು ಬಂದರು. ಕಾಲರ್ ಮುಟ್ಟಿದರು. ಟೈಲರನ ಎದೆ ಅವನ ಹೊಲಿಗೆ ಮಿಷನ್ನಿನಂತೆ ಹೊಡೆದುಕೊಳ್ಳುತ್ತಿತ್ತು.

"ಏನು ಜೋಪಾನ! ಏನು ಅಕ್ಕರೆ!" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು. "ಚಳಿಗಾಲದಲ್ಲಿ ಗಿಡ ಮಲಗಿರುತ್ತೆ. ಅದನ್ನ ಕೆಣಕಬಾರದು, ಬೆಚ್ಚಗೆ ಹೊದಿಸಿ ಕಾಯಬೇಕು. ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಳಿಯಂದಿರೇ?"

"ನಾನೇ," ಎಂದರು ಗೋಡೆಯ ಮೇಲಿಂದ ಮೇಷ್ಟ್ರು.

ಟೈಲರನಿಗೆ ಹೋದ ಜೀವ ಬಂದ ಹಾಗಾಯಿತು. ಅತ್ತೆ ಮೆಚ್ಚಿದ್ದರು! ಇನ್ನೊಂದು ರಾತ್ರಿ ಕಳೆದರೆ ಸಾಕು. ಚಿಗುರದಿದ್ದರೆ ಆಮೇಲೆ ಫೋನಿನಲ್ಲಿ, ಚಳಿ ಜಾಸ್ತಿಯಾಯಿತು ಎಂದು ಹೇಳಿದರಾಯಿತು.

"ನಾಳೆ ಬೆಳಗಿನ ಬಸ್ಸಿಗೆ ತಾನೇ ಅತ್ತೆ? ನಾನೇ ಹತ್ತಿಸಿ ಬರ್ತೀನಿ," ಎಂದ ಉಕ್ಕುವ ಉತ್ಸಾಹದಿಂದ.

"ಹಾಗಂತಲೇ ಬಂದಿದ್ದೆ. ಇದನ್ನ ನೋಡಿದ ಮೇಲೆ ಹೋಗೋಕೆ ಮನಸ್ಸೇ ಇಲ್ಲ. ಇದು ಚಿಗುರಿ ಮೊದಲನೇ ಎಲೆ ಬಿಡೋದನ್ನ ಕಣ್ಣಾರೆ ನೋಡಿಕೊಂಡೇ ಹೋಗ್ತೀನಿ."

ಗೇಟಿನಲ್ಲಿ ಇಣುಕುತ್ತಿದ್ದ ಕಾಂಪೌಂಡರನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಚಿಗುರೋದು ತಡ ಆದ್ರೆ?"

"ಆಗಲಿ ಬಿಡಪ್ಪ," ಎಂದರು ಅತ್ತೆ, ಬ್ಯಾಗು ತೆಗೆದುಕೊಳ್ಳುವಂತೆ ಅಳಿಯನಿಗೆ ಸನ್ನೆ ಮಾಡುತ್ತ. "ನನಗೇನು ಆತುರ?"