ಮಾವನವರ ಕೊನೆಯ ಅರ್ಧ ಸುತ್ತು

ಸರಿಯಾಗಿ ಹೇಳಲು ಬರುವುದಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹುಮನಾಬಾದಿನಲ್ಲಿ ಕಾರು ರಿಪೇರಿ ಮಾಡುವವನು. ಇಲ್ಲಿಯತನಕ ಬರೆದದ್ದೆಂದರೆ ಗ್ಯಾರೇಜಿನ ಬಾಗಿಲ ಮೇಲೆ ‘ಊಟಕ್ಕೆ ಹೋಗಿದ್ದೇನೆ’ ಎಂದಷ್ಟೇ. ನಮ್ಮ ಕೆಲಸದಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆದರೆ ತಲೆ ತಗ್ಗಿಸುವಂಥವು ನನಗೆ ಬಸವಕಲ್ಯಾಣದಲ್ಲೇ ಆಗುತ್ತವೆ. ಅಲ್ಲಿ ಮಾವನವರ ಮನೆಯಿದೆ. ಮನೆಯ ಮುಂದೆ ಅವರ ಹಳೇ ಪೆಟ್ರೋಲ್ ಕಾರಿದೆ.

೧. ಸರಾಗ

ಆ ಕಾರಿಗೆ ಹೊಸ ಪ್ಲಗ್, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್, ಹಾಕುತ್ತಿದ್ದೆ. ಇಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಅನ್ನುತ್ತಾರೆ. ಅದರ ತೂತಿನಲ್ಲಿ ಪ್ಲಗ್ ಕೂಡುತ್ತದೆ. ತೂತಿನ ಒಳಗೆ ಸುರುಳಿ ಗೆರೆಗಳಿರುತ್ತವೆ, ಅವಕ್ಕೆ ಚೂಡಿ ಅನ್ನುತ್ತೇವೆ. ಹೆಡ್ ಅಲ್ಯೂಮಿನಿಯಮ್ಮಿನದು, ಮೆತ್ತಗಿನ ಲೋಹ. ಅದಕ್ಕೇ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಹಗುರಾಗಿ ಬಿಗಿದೆ.

ಮಾವನವರು ಜೀವಮಾನವಿಡೀ ಟ್ರ್ಯಾಕ್ಟರಿನ ನಟ್ಟು ಬಿಗಿದವರು. “ಇಷ್ಟೇ ಏನ್ರಿ ಅಳಿಯಂದ್ರ? ಉಪ್ಪಿನಕಾಯಿ ಡಬ್ಬಿ ಮುಚ್ಚಾಕತ್ತೀರೇನು?” ಎಂದು ಪಾನಾ ಕಸಿದುಕೊಂಡರು. ಅದರ ಹಿಡಿಕೆಗೆ ಉದ್ದನೆಯ ಕಬ್ಬಿಣದ ಪೈಪ್ ಸಿಕ್ಕಿಸಿ ಇನ್ನರ್ಧ ಸುತ್ತು ಹಾಕಿದರು.

‘ಬ್ಯಾಡ್ರಿ’ ಅನ್ನಬೇಕಿತ್ತು. ಮಾವನವರ ಕೈ ಹಿಡಿಯುವುದು ಹೇಗೆ? ಒಳಗೆ ‘ಕರ್ರ್’ ಎಂದಿತು. ಚೂಡಿ ಕಿತ್ತುಹೋಯಿತು, ಪ್ಲಗ್ಗಿಗೆ ಹಿಡಿತವೇ ಇಲ್ಲ.

“ನೋಡ್ರಿ,” ಎಂದರು ಮಾವನವರು, “ಈಗ ಎಷ್ಟು ಸರಾಗ ತಿರಗಾಕತ್ತದ!”

೨. ಮೊದಲಿನ ಮಿಸ್ತ್ರಿ

ಹಾಳಾದ ತೂತನ್ನು ತುಸು ದೊಡ್ಡದು ಮಾಡಿ, ಹೊಸ ಚೂಡಿ ಕೊರೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂಡಿಸಿದರೆ ಪ್ಲಗ್ ಮತ್ತೆ ನಿಲ್ಲುತ್ತದೆ. ಕೊರೆಯುವ ಹತಾರಕ್ಕೆ ಗ್ರೀಸ್ ಹಚ್ಚಬೇಕು. ಲೋಹದ ಪುಡಿ ಅದಕ್ಕೆ ಅಂಟಿ ಇಂಜಿನ್ನಿನೊಳಗೆ ಬೀಳುವುದಿಲ್ಲ. ನಾನು ಇದನ್ನು ಮಾಡುವುದು ನೋಡಲು ಓಣಿಯವರು ಸೇರಿದ್ದರು.

“ಕೆಡಿಸಿದವರು ಯಾರ್ರಿ?” ಎಂದು ಒಬ್ಬರು ಕೇಳಿದರು.

ಮಾವನವರ ಮರ್ಯಾದೆ ಉಳಿಸಲು, “ಮೊದಲಿನ ಮಿಸ್ತ್ರಿ” ಎಂದುಬಿಟ್ಟೆ.

“ಅವನ ಕೈ ಮುರದ ಹೋಗ್ಲಿ!” ಎಂದು ಮಾವನವರೇ ಎಲ್ಲರಿಗಿಂತ ಜೋರಾಗಿ ಬೈದರು.

ಅತ್ತೆಯವರು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಗಾಡಿ ಮನಿಗೆ ಬಂದಾಗಿಂದ ನಮ್ಮ ಅಳಿಯಂದ್ರೇ ಮಿಸ್ತ್ರಿ ಅಲ್ಲೇನ್ರಿ?”

೩. ಟಕ್

ಮಾವನವರಿಗೆ ‘ಸಾಕು’ ಎಂದು ಹೇಳುವ ಧೈರ್ಯ ನನಗಿಲ್ಲ, ಪಾನಾನೇ ಹೇಳಲಿ ಎಂದು ಟಾರ್ಕ್ ಪಾನಾ ತಂದುಕೊಟ್ಟೆ. ಬಿಗಿ ಸಾಕಾದಾಗ ಅದು ‘ಟಕ್’ ಅನ್ನುತ್ತದೆ. ಆಗ ನಿಲ್ಲಿಸಬೇಕು.

ಮರುದಿನವೇ ಫೋನ್ ಬಂತು. “ಅಳಿಯಂದ್ರ, ಪಾನಾ ಭಾಳ ಛಲೋ ಅದ. ಓಣಿಯವ್ರಿಗೆಲ್ಲಾ ಅದೇ ಪ್ಲಗ್ಗಿನ ಮ್ಯಾಲ ಟಕ್ ಟಕ್ ಅನಿಸಿ ತೋರಿಸ್ದೆ. ಈಗ ಯಾಕೋ ಟಕ್ ಅನ್ನವಲ್ದು.”

ಹೋಗಿ ನೋಡಿದರೆ ಉಕ್ಕಿನ ಸುರುಳಿ ಪ್ಲಗ್ಗಿನ ಜೊತೆಗೇ ಹೊರಗೆ ಬಂದಿತ್ತು.

೪. ಚಾಪೆ

ಇವತ್ತು ಅದೇ ತೂತಿಗೆ ಒಳಗೆ ಚೂಡಿ ಇರುವ ಕೊಳವೆಯಂಥ ದಪ್ಪನೆಯ ಬುಷ್ ಹಾಕಿದ್ದೇನೆ. ಇದೇ ಕೊನೆ. ಸುತ್ತ ಇನ್ನು ಕೊರೆಯಲು ಲೋಹವೇ ಇಲ್ಲ. ಮತ್ತೊಮ್ಮೆ ಕೆಟ್ಟರೆ ಇಡೀ ಹೆಡ್ಡೇ ಗುಜರಿಗೆ. ಬುಷ್ಷಿನ ಅಂಟು ಒಣಗುವತನಕ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಾವನವರು ಪ್ಲಗ್ ಬಿಗಿಯಲು ಆ ಕಬ್ಬಿಣದ ಪೈಪ್ ಹುಡುಕುತ್ತಿದ್ದಾರೆ. ಕೊಟ್ಟಿಗೆ ನೋಡಿದರು, ಮಂಚದ ಕೆಳಗೆ ನೋಡಿದರು. “ನಿನ್ನಿ ತನಕ ಇಲ್ಲೇ ಇತ್ತಲ್ಲ!” ಎನ್ನುತ್ತಿದ್ದಾರೆ. ನನ್ನ ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು: “ಪೈಪಿನ ಮ್ಯಾಲ ಎಷ್ಟೊತ್ತು ಕೂಡ್ತೀರಿ? ಬಾಯಿಬಿಟ್ಟು ಬ್ಯಾಡ ಅನ್ರಿ, ಅಪ್ಪ ಏನು ನುಂಗ್ತಾರ?”

ಅನ್ನಲಾಗಲಿಲ್ಲ. ವಿವರಣೆ ಇಷ್ಟು ಉದ್ದವಾಗಲು ಅದೇ ಕಾರಣ. ಬರೆಯುವವನನ್ನು ಯಾರೂ ಎಬ್ಬಿಸುವುದಿಲ್ಲ. ಹಾಗಾಗಿ ಇನ್ನೊಂದು ಮಾತು ಹೇಳುತ್ತೇನೆ: ಪ್ಲಗ್ಗನ್ನು ಇಂಜಿನ್ ತಣ್ಣಗಿದ್ದಾಗಲೇ ಹಾಕಬೇಕು. ಶುರುವಿಗೇ ಪಾನಾ ಮುಟ್ಟಬಾರದು. ಮೊದಲು ಬೆರಳಿನಿಂದ ತುಸು ಹಿಂದಕ್ಕೆ ತಿರುಗಿಸಿ, ಚೂಡಿಗೆ ಚೂಡಿ ಕೂತದ್ದು ಕೈಗೆ ಗೊತ್ತಾದ ಮೇಲೆ ಮುಂದಕ್ಕೆ, ಮೆಲ್ಲಗೆ, ಯಾಕೆಂದರೆ—

“ಅಳಿಯಂದ್ರ, ಒಂದೀಟು ಏಳ್ರಿ. ಆ ಚಾಪಿ ಕೆಳಗೂ ನೋಡಿಬಿಡ್ತೀನಿ.”