ಎಲ್ಲರೂ ಒಪ್ಪಿದ ಹೆಚ್ಚಿನ ತಾಸು

ಸರಕಾರ ಹುಕುಂ ಹೊರಡಿಸುವುದನ್ನು ಬಿಡುವುದಿಲ್ಲ, ನಮ್ಮ ಮಾಸ್ತರುಗಳು ಅದಕ್ಕೆ ತಲೆಯಾಡಿಸುವುದನ್ನೂ ಬಿಡುವುದಿಲ್ಲ. ಇವೆರಡೂ ಇರುವ ತನಕ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ನಾವೆಲ್ಲ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ಮೈಸೂರು ಕಡೆಯಿಂದ ವರ್ಗವಾಗಿ ಒಬ್ಬ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಂದವರೇ ಸಂಜೆ ಶಿರಸಿ ಪೇಟೆಯಲ್ಲಿ ಒಂದು ಸುತ್ತು ಹಾಕಿದರು. ಶಾಲೆ ಬಿಟ್ಟ ಹುಡುಗರು ಗೋಲಿ ಆಡುತ್ತಿದ್ದುದು ಕಣ್ಣಿಗೆ ಬಿತ್ತು. ಮರುದಿನವೇ ಹುಕುಂ ತಯಾರಾಯಿತು.

ಹುಕುಮಿನ ಸಾರಾಂಶ ಇಷ್ಟು. ಪ್ರತಿ ಶಾಲೆಯೂ ಮೊದಲ ಗಂಟೆ ಹೊಡೆದಲ್ಲಿಂದ ಕೊನೆಯ ಗಂಟೆ ಹೊಡೆಯುವವರೆಗೆ ಈಗಿನದಕ್ಕಿಂತ ಒಂದು ತಾಸು ಹೆಚ್ಚು ನಡೆಯತಕ್ಕದ್ದು. ಆ ತಾಸನ್ನು ಯಾವಾಗ, ಹೇಗೆ ಉಪಯೋಗಿಸಬೇಕು ಎಂಬುದನ್ನು ಆಯಾ ಶಾಲೆಯ ಶಿಕ್ಷಕರು ಪರಸ್ಪರ ಒಪ್ಪಿಗೆಯಿಂದ ನಿರ್ಧರಿಸತಕ್ಕದ್ದು. ಹೆಚ್ಚಿನ ತಾಸಿಗೆ ಹೆಚ್ಚಿನ ಮಾಸ್ತರೂ ಇಲ್ಲ, ಹೆಚ್ಚಿನ ಸಂಬಳವೂ ಇಲ್ಲ. ಅದಕ್ಕೇ ಒಪ್ಪಿಗೆ ಬೇಕಾದದ್ದು.

ಆ ಒಪ್ಪಿಗೆ ತರುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಯಲ್ಲಾಪುರದ ಕಾಡಿನೊಳಗಿನ ಏಕೋಪಾಧ್ಯಾಯ ಶಾಲೆಯಲ್ಲಿ ವರ್ಷಗಟ್ಟಲೆ ಕಳೆದು, ಕಂಡ ಕಂಡವರ ಕಾಲು ಹಿಡಿದು, ಆಗಷ್ಟೇ ಶಿರಸಿಗೆ ವರ್ಗ ಮಾಡಿಸಿಕೊಂಡಿದ್ದೆ. ಹೆಂಡತಿ ಜೀವನದಲ್ಲಿ ಮೊದಲ ಸಲ ಮನೆಯ ಮುಂದೆ ಬಸ್ಸು ಹೋಗುವುದನ್ನು ನೋಡುತ್ತಿದ್ದಳು. ಸಾಹೇಬರು ನಗುತ್ತಲೇ ಹೇಳಿದರು.

"ಮೂರೂ ತಾಲೂಕಿನ ಒಪ್ಪಿಗೆ ಸುಗ್ಗಿಯೊಳಗೆ ನನ್ನ ಮೇಜಿನ ಮೇಲಿರಬೇಕು ಕಣ್ರೀ. ಒಂದು ಶಾಲೆ ತಪ್ಪಿದ್ರೂ ನಿಮ್ಮನ್ನ ವಾಪಸ್ ಕಳಿಸ್ತೀನಿ. ನಿಮ್ಮ ಹಳೇ ಶಾಲೆ ಮಾಸ್ತರು ಶಿರಸಿಗೆ ವರ್ಗ ಕೇಳ್ತಾನೇ ಇದ್ದಾರೆ."

ನಾನು ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಹೊರಟೆ.

ಇಬ್ಬರ ತುಂಬು ಹೃದಯ

ಮೊದಲು ಹೋದದ್ದು ಸಿದ್ದಾಪುರ ತಾಲೂಕಿಗೆ. ತ್ಯಾಗಲಿಯ ಆಚೆ ಒಂದು ಊರಿನಲ್ಲಿ ಇಬ್ಬರು ಮಾಸ್ತರರ ಶಾಲೆ. ಆ ಸೀಮೆಯಲ್ಲಿ ಮನೆಗೆ ಬಂದವರ ಎದುರು "ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ಹಿರಿಯ ಮಾಸ್ತರು ನನ್ನನ್ನು ಕೂರಿಸಿ, ಬೆಲ್ಲ, ನೀರು, ಚಹ, ಎಲೆಯಡಿಕೆ ಎಲ್ಲ ಮುಗಿಸಿ, ಹುಕುಂ ಓದಿ ಕಣ್ಣರಳಿಸಿದರು.

"ಭಾರೀ ಚೊಲೋ ಯೋಜನೆ! ಆನು ಪೂರ್ತಿ ಒಪ್ಪಿಗೆ ಕೊಡ್ತೆ. ಇದಕ್ಕೆ ಆಗ್ತಿಲ್ಲೆ ಹೇಳವ ಮನುಷ್ಯನೇ ಅಲ್ಲ."

ನನಗೆ ಜೀವ ಬಂದಂತಾಯಿತು. "ಹಾಗಾದರೆ ಸಂಜೆ ಉಳಿಯುವುದು ಯಾರು?" ಎಂದೆ.

"ಯಮ್ಮ ಸಹಾಯಕ ಮಾಸ್ತರು. ಮಕ್ಕೊ ಅಂದ್ರೆ ಜೀವ ಬಿಡ್ತ. ಅವಕ್ಕೆ ಈ ಅವಕಾಶ ತಪ್ಪಿಸಲೆ ಯಂಗೆ ಮನಸ್ಸಿಲ್ಲೆ."

ಶಾಲೆಗೆ ಹೋದರೆ ಹಿತ್ತಲ ಬಾಗಿಲಲ್ಲಿ ಸಹಾಯಕ ಮಾಸ್ತರು ಸಿಕ್ಕರು. ಅವರೂ ತುಂಬು ಹೃದಯದಿಂದ ಒಪ್ಪಿದರು. ಇಷ್ಟು ದೊಡ್ಡ ಕೆಲಸಕ್ಕೆ ಅನುಭವ ಬೇಕು, ಆದ್ದರಿಂದ ಹಿರಿಯರೇ ಉಳಿಯತಕ್ಕದ್ದು, ತಾನು ಅಡ್ಡಬರುವುದಿಲ್ಲ ಎಂದು ಕೈಮುಗಿದರು. ಹುಕುಮಿನಲ್ಲಿ ಕೇಳಿದ್ದು ಪರಸ್ಪರ ಒಪ್ಪಿಗೆ. ಇಬ್ಬರೂ ಪರಸ್ಪರರನ್ನೇ ಒಪ್ಪಿಸಿದ್ದರು. ಎರಡು ಸಹಿಯೂ ಬಿದ್ದವು.

ಆಮೇಲೆ ಯಾವತ್ತೋ ಆ ಹಾದಿಯಲ್ಲಿ ಹೋಗುವಾಗ ಇಣುಕಿದೆ. ಹೆಚ್ಚಿನ ತಾಸು ಸುಸೂತ್ರವಾಗಿ ನಡೆದಿತ್ತು. ಮಕ್ಕಳು ಕೂಗಾಡುತ್ತ ಅಲ್ಲೇ ಇದ್ದರು, ಇಬ್ಬರು ಮಾಸ್ತರರೂ ಒಬ್ಬರಿಗೊಬ್ಬರು ಜವಾಬ್ದಾರಿ ಒಪ್ಪಿಸಿ ಮನೆಗೆ ಹೋಗಿದ್ದರು.

ಅತ್ತೆಯ ಪ್ರಭಾವ

ಯಲ್ಲಾಪುರದ ನನ್ನ ಹಳೇ ಶಾಲೆಗೆ ಹೋಗುವಾಗ ಕಾಲೇ ಮುಂದೆ ಬರಲಿಲ್ಲ. ಅಲ್ಲಿದ್ದ ಮಾಸ್ತರು ಒಪ್ಪದಿದ್ದರೆ ನಾನು ಕಾಡಿಗೆ, ಅವರು ಶಿರಸಿಗೆ. ಇದು ನನಗೆ ಎಷ್ಟು ಗೊತ್ತಿತ್ತೋ ಅವರಿಗೂ ಅಷ್ಟೇ ಗೊತ್ತಿತ್ತು. ಬಾಗಿಲಲ್ಲೇ ಎದುರುಗೊಂಡರು, ಮುಖದ ತುಂಬ ನಗೆ.

"ಬನ್ನಿ ಬನ್ನಿ. ಹುಕುಂ ಓದಿದೆ, ಬಹಳ ಚಂದ ಉಂಟು. ಶಿಕ್ಷಕರ ಸಭೆಯನ್ನೂ ಕರೆದೆ."

"ಯಾವ ಸಭೆ? ಇಲ್ಲಿ ನೀವೊಬ್ಬರೇ ಅಲ್ಲವೇ?"

"ಅದೇ ತೊಂದರೆ ಆದದ್ದು ನೋಡಿ. ಕೋರಂ ಆಗಲಿಲ್ಲ. ಸಭೆ ಮುಂದೂಡಿದೆ."

ಮತ್ತೆ ಯಾವಾಗ ಸೇರುತ್ತದೆ ಎಂದು ಕೇಳಿದೆ. ಇನ್ನೊಬ್ಬ ಮಾಸ್ತರನ್ನು ಸರಕಾರ ಕೊಟ್ಟ ದಿನ ಎಂದರು. ಪರಸ್ಪರ ಒಪ್ಪಿಗೆ ಕೇಳಿದ್ದಾರೆ, ತಾನು ಕಂಬದ ಜೊತೆ ಒಪ್ಪಂದ ಮಾಡಿಕೊಳ್ಳಬೇಕೇ ಎಂದೂ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಶಾಲೆಯ ಹಿಂದೆ ಮಾಸ್ತರರಿಗೆ ಇದ್ದದ್ದು ಒಂದೇ ಒಂದು ಕೋಣೆ, ಅದರೊಳಗೆ ಒಂದು ಒಲೆ. ಆ ಕೋಣೆಯ ಸುಖ ಅನುಭವಿಸಿದವನು ನಾನು.

"ಸರಿ ಹಾಗಾದರೆ," ಎಂದೆ. "ಸಾಹೇಬರಿಗೆ ಹೇಳಿ ಎರಡನೇ ಮಾಸ್ತರನಾಗಿ ನಾನೇ ಬರುತ್ತೇನೆ, ನಿಮ್ಮ ಕೋರಂ ಆಗಲಿ. ಒಂದೇ ಕೋಣೆಯಾದರೇನು, ಹೊಂದಿಕೊಂಡು ಇರೋಣ. ನಾನು, ನನ್ನ ಹೆಂಡತಿ, ಮಕ್ಕಳು, ಮತ್ತೆ ಈಗ ನಮ್ಮೊಟ್ಟಿಗೇ ಇರುವ ನನ್ನ ಅತ್ತೆ..."

ಅತ್ತೆಗೆ ಉಬ್ಬಸ ಎಂಬ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಮುಂದೂಡಿದ ಸಭೆ ಸೇರಿ, ಠರಾವು ಪಾಸಾಗಿ, ಸಹಿಯೂ ಆಗಿತ್ತು.

ಒಲೆ ಹಚ್ಚುವವರು

ಶಿರಸಿ ಪೇಟೆಯ ದೊಡ್ಡ ಶಾಲೆಯಲ್ಲಿ ಮಾಸ್ತರುಗಳಿಗೆ ಕೊರತೆಯಿರಲಿಲ್ಲ. ಹೆಡ್ಮಾಸ್ತರರು ಎಲ್ಲರ ಸಭೆ ಕರೆಯುತ್ತೇನೆ ಎಂದರು. ಯಾವಾಗ ಎಂಬುದೇ ಸಮಸ್ಯೆಯಾಯಿತು. ಶಾಲೆ ಬಿಟ್ಟ ಮೇಲೆ ಉಳಿಯಲು ಒಬ್ಬರೂ ತಯಾರಿಲ್ಲ. ಒಬ್ಬರಿಗೆ ಮನೆಪಾಠ, ಒಬ್ಬರಿಗೆ ಸೊಸೈಟಿ ಲೆಕ್ಕ, ಒಬ್ಬರಿಗೆ ಇಸ್ಪೀಟು. ಕೊನೆಗೆ ಶಾಲೆಯ ಹೊತ್ತಿನಲ್ಲೇ ಸಭೆ ಮಾಡುವುದೆಂದು ತೀರ್ಮಾನವಾಯಿತು. ಶಾಲೆಯ ದಿನವನ್ನು ಉದ್ದ ಮಾಡುವುದರ ಬಗ್ಗೆ ಚರ್ಚಿಸಲು ಮಕ್ಕಳನ್ನು ಅವತ್ತು ಮಧ್ಯಾಹ್ನವೇ ಮನೆಗೆ ಕಳಿಸಿದರು. ಹುಡುಗರು ಕುಣಿಯುತ್ತ ಗೋಲಿ ಆಡಲು ಹೋದರು.

ಸಭೆ ಚಂದವಾಗಿ ನಡೆಯಿತು. ಶಿಕ್ಷಣದ ಮಹತ್ವದ ಮೇಲೆ ಭಾಷಣಗಳಾದವು. ಎಲ್ಲರೂ ಒಪ್ಪಿದರು. ಸಂಜೆ ಉಳಿಯುವುದು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಸಭೆ ಗೋಡೆ ನೋಡತೊಡಗಿತು. ಆಗ ಗಣಿತದ ಮಾಸ್ತರಿಗೆ ಒಂದು ವಿಚಾರ ಹೊಳೆಯಿತು. ಶಾಲೆಯಲ್ಲಿ ಶಿಕ್ಷಕಿ ಎಂದರೆ ಒಬ್ಬರೇ ಒಬ್ಬರು ಅಕ್ಕೋರು ಇದ್ದರು, ಮೂಲೆಯಲ್ಲಿ ಕೂತು ಮಕ್ಕಳ ಬರೆಹದ ಪಟ್ಟಿ ತಿದ್ದುತ್ತಿದ್ದರು.

"ಸಣ್ಣ ಮಕ್ಕಳ ಕೆಲಸ ಇದು. ತಾಯಿಕರುಳು ಬೇಕು. ಅಕ್ಕೋರೇ ಉಳೀಲಿ, ನಮ್ಮೆಲ್ಲರ ಸಹಕಾರ ಇದ್ದೇ ಇದೆ," ಎಂದರು.

ಅಷ್ಟೂ ಗಂಡಸರು ಒಕ್ಕೊರಲಿನಿಂದ ತಾಯಿಕರುಳನ್ನು ಹೊಗಳಿದರು. ಅಕ್ಕೋರು ಪೆನ್ಸಿಲ್ಲು ಕೆಳಗಿಟ್ಟರು.

"ಮಾಸ್ತರೇ, ಸಂಜೆ ನಿಮ್ಮನೇಲಿ ಒಲೆ ಹಚ್ಚೋರು ಯಾರು?"

"ನನ್ನ ಹೆಂಡತಿ."

"ನಿಮ್ಮನೇಲಿ?" ಎಂದು ಪಕ್ಕದವರನ್ನು ಕೇಳಿದರು.

"ಹೆಂಡತಿಯೇ. ಮತ್ಯಾರು?"

"ನಮ್ಮನೇಲೂ ಹೆಂಡತೀನೇ ಹಚ್ಚೋದು. ಆ ಹೆಂಡತಿ ನಾನೇ."

ಅವತ್ತಿನವರೆಗೆ ಮೂರು ತಾಲೂಕಿನಲ್ಲಿ ಆಗುವುದಿಲ್ಲವೆಂದು ನೇರವಾಗಿ ಹೇಳಿದವರು ಅವರೊಬ್ಬರೇ. ಅವರ ಮೇಲೆ ನನಗೆ ಅವತ್ತು ಬಂದ ಗೌರವ ಇನ್ನೂ ಇಳಿದಿಲ್ಲ. ಕೊನೆಗೆ ಸರದಿಯ ಮೇಲೆ ಗಂಡಸರೇ ಉಳಿಯುವುದೆಂದು ಆದಾಗ ಅಕ್ಕೋರೂ ಸಹಿ ಹಾಕಿದರು. ಉಳಿದವರೆಲ್ಲ ಹೊರಗೆ ಬಂದು ಈ ಅಕ್ಕೋರಿಗೆ ಸಹಕಾರ ಮನೋಭಾವ ಸಾಲದು ಎಂದು ಸಹಕಾರದಿಂದ ಮಾತಾಡಿಕೊಂಡರು.

ಗೌಡರ ಗಂಟೆ

ಮೂರೂ ತಾಲೂಕು ಸುತ್ತಿ ಮುಗಿಸಿದ ಮೇಲೆ ಉಳಿದದ್ದು ಒಂದೇ ಶಾಲೆ. ದಾಸನಕೊಪ್ಪದಿಂದ ಆಚೆಗೆ, ಭತ್ತದ ಗದ್ದೆಗಳ ನಡುವೆ. ಅಲ್ಲಿಯ ಶಾಲಾ ಕಮಿಟಿಯ ಚೇರ್ಮನ್ನರಾದ ಗೌಡರು ನಾನು ಸೈಕಲ್ ಇಳಿಯುವ ಮೊದಲೇ ಕೊರಳಿಗೆ ಹಾರ ಹಾಕಿದರು.

"ಬರ್ರಿ ಮಾಸ್ತರ! ಒಂದ ತಾಸ ಯಾಕ್ರಿ, ಎರಡ ತಾಸ ಹೆಚ್ಚ ಮಾಡ್ರಿ. ಮಕ್ಕಳು ಶ್ಯಾಣ್ಯಾ ಆಗಬೇಕ್ರಿ!"

ಸ್ವಂತ ಮಗ ಮೂರನೇ ಇಯತ್ತೆಗೇ ಶಾಲೆ ಬಿಟ್ಟಾಗ ತುಟಿಪಿಟಕ್ಕೆನ್ನದ ಗೌಡರಿಗೆ ಇಷ್ಟೊಂದು ವಿದ್ಯಾಪ್ರೇಮ ಎಲ್ಲಿಂದ ಬಂತು ಎಂದು ನನಗೆ ಅಚ್ಚರಿಯಾಯಿತು. ಆದರೆ ಹೆಡ್ಮಾಸ್ತರರು ಸಹಿ ಹಾಕಲಾರೆ ಎಂದುಬಿಟ್ಟರು. ಮೆತ್ತಗೆ ಮಾತಾಡುವ ಮನುಷ್ಯ. ಅಂಗಳದ ಹುಣಸೆಮರದತ್ತ ಕರೆದೊಯ್ದು ಮೇಲೆ ತೋರಿಸಿದರು.

ಕೊಂಬೆಗೆ ಒಂದು ರೈಲುಹಳಿಯ ತುಂಡು ತೂಗುಬಿಟ್ಟಿತ್ತು. ಗೌಡರು ಹಾವೇರಿಯಿಂದ ತರಿಸಿ, ಮೇಲೆ ತಮ್ಮ ಹೆಸರನ್ನು ಬಿಳಿ ಬಣ್ಣದಲ್ಲಿ ದಪ್ಪಗೆ ಬರೆಸಿ, ಶಾಲೆಗೆ ದಾನ ಕೊಟ್ಟ ಗಂಟೆ. ಊರಿಗೆಲ್ಲ ಗಡಿಯಾರ ಅದೇ. ಕೂಲಿಯವರು ತಡವಾಗಿ ಬರುತ್ತಾರೆ, ಬೇಗ ಹೋಗುತ್ತಾರೆ ಎಂದು ಗೌಡರೇ ಒಂದು ಕಾಯದೆ ಮಾಡಿದ್ದರಂತೆ. ಶಾಲೆ ಗಂಟೆಗೆ ಗದ್ದೆಗಿಳಿಯಬೇಕು, ಶಾಲೆಯ ಊಟದ ಗಂಟೆಗೆ ಊಟ, ಮತ್ತೊಂದು ಗಂಟೆಗೆ ಮತ್ತೆ ಕೆಲಸ, ಶಾಲೆ ಬಿಟ್ಟ ಗಂಟೆಗೆ ಮನೆ.

"ಈಗ ತಿಳೀತ್ರಿ?" ಎಂದರು ಹೆಡ್ಮಾಸ್ತರರು. "ಶಾಲಿ ಒಂದ ತಾಸ ತಡಾ ಬಿಟ್ರ, ಇಡೀ ಸುಗ್ಗಿ ಗೌಡ್ರಿಗೆ ದಿನಾ ಒಂದ ತಾಸ ಪುಕ್ಕಟೆ ದುಡಿತ. ಕೂಲಿ ಹೆಣ್ಮಕ್ಕಳು ನಿನ್ನೆ ಬಂದು ಹೇಳ್ಯಾರ್ರಿ, ಹಂಗೇನರ ಮಾಡಿದ್ರ ಹುಡುಗರ್ನ ಶಾಲಿ ಬಿಡಸ್ತೀವಿ ಅಂತ. ಹುಡುಗರು ಕಡಿಮಿ ಆದ್ರ ನಮ್ಮ ಸಹಾಯಕ ಮಾಸ್ತರನ ಜಾಗಾನೂ ಹೋಗತೈತ್ರಿ."

ಸಹಿ ಬಿದ್ದರೆ ಇವರೆಲ್ಲರ ಶಾಪ, ಬೀಳದಿದ್ದರೆ ನನಗೆ ಯಲ್ಲಾಪುರದ ಕಾಡು. ನಾಚಿಕೆ ಬಿಟ್ಟು ನನ್ನ ಕಥೆಯನ್ನೂ ಹೇಳಿಕೊಂಡೆ. ಹೆಡ್ಮಾಸ್ತರರು ಹುಕುಂ ಇಸಿದುಕೊಂಡು ಮತ್ತೊಮ್ಮೆ ನಿಧಾನವಾಗಿ ಓದಿದರು.

"ಈ ಹೆಚ್ಚಿನ ತಾಸು ದಿನದಾಗ ಎಲ್ಲೆ ಇರಬೇಕಂತ ಇದರಾಗ ಏನೂ ಬರದಿಲ್ಲಲ್ರಿ?"

"ಇಲ್ಲ. ನಿಮ್ಮ ಒಪ್ಪಿಗೆಗೆ ಬಿಟ್ಟದ್ದು."

ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಗೌಡರು ಸಂತೋಷದಿಂದ ಇನ್ನೊಂದು ಹಾರ ತರಿಸಿ ಅವರ ಕೊರಳಿಗೂ ಹಾಕಿದರು.

ಹೊಸ ವೇಳಾಪತ್ರಿಕೆ ಜಾರಿಗೆ ಬಂದ ದಿನ ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಕೂಲಿಯವರು ಮೇಲೆ ಬಂದರು, ಉಂಡರು, ಹುಣಸೆಮರದ ನೆರಳಲ್ಲಿ ಅಡ್ಡಾದರು. ಕೂಸು ಇದ್ದವರು ಮನೆಗೆ ಹೋಗಿ ಹಾಲು ಕುಡಿಸಿ ಬಂದರು. ಮರಳಿ ಕೆಲಸದ ಗಂಟೆ ಹೊಡೆಯುವ ಲಕ್ಷಣವೇ ಇಲ್ಲ. ಹೆಡ್ಮಾಸ್ತರರು ಹೆಚ್ಚಿನ ತಾಸನ್ನು ಪೂರ್ತಿಯಾಗಿ ಊಟದ ಬಿಡುವಿಗೆ ಸೇರಿಸಿದ್ದರು. ಸಂಜೆ ಶಾಲೆ ಒಂದು ತಾಸು ತಡವಾಗಿಯೇ ಬಿಟ್ಟಿತು, ಹುಕುಂ ಅಕ್ಷರಶಃ ಪಾಲನೆಯಾಯಿತು. ದುಡಿತ ಮಾತ್ರ ಒಂದು ಕ್ಷಣವೂ ಹೆಚ್ಚಾಗಲಿಲ್ಲ. ಕಾಯದೆ ಗೌಡರದು, ಗಂಟೆಯೂ ಗೌಡರದು, ಅದರ ಮೇಲೆ ಹೆಸರು ಬೇರೆ. ಬಿಚ್ಚಿಸಿಕೊಂಡು ಹೋಗುವ ಹಾಗೂ ಇಲ್ಲ.

ಗೌಡರು ಸುಮ್ಮನೆ ಕೂರುವವರಲ್ಲ. ಸಾಹೇಬರಿಗೆ ದೂರು ಹೋಯಿತು. ಒಂದು ದಿನ ಸಾಹೇಬರು ನನ್ನನ್ನೂ ಎಳೆದುಕೊಂಡು ಬಸ್ಸಿನಲ್ಲಿ ಬಂದಿಳಿದರು. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: "ದೂರು ನಿಜವಾಗಿದ್ರೆ ನಿಮ್ಮ ಟ್ರಂಕು ಕಟ್ಟೋಕೆ ಹೇಳಿ." ಗೌಡರು ಬಸ್ಸಿನಿಂದ ನೇರವಾಗಿ ಮನೆಗೆ ಕರೆದೊಯ್ದು, ಸಾಹೇಬರನ್ನು ಒಲಿಸಿಕೊಳ್ಳಬೇಕೆಂದು ಎಣ್ಣೆಗಾಯಿ, ರೊಟ್ಟಿ, ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ ಬಡಿಸಿದರು. ಸಾಹೇಬರು ಬೇಡ ಬೇಡ ಎನ್ನುತ್ತಲೇ ಎಲೆ ಖಾಲಿ ಮಾಡಿದರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಶಾಲೆಗೆ ಬಂದಾಗ ಸರಿಯಾಗಿ ಆ ಹೆಚ್ಚಿನ ತಾಸು. ಮಕ್ಕಳು ಜಗಲಿಯ ಮೇಲೆ ಸಾಲಾಗಿ ಮಲಗಿದ್ದರು. ಸಹಾಯಕ ಮಾಸ್ತರರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಮರದಡಿಯಲ್ಲಿ ಗೌಡರ ಗದ್ದೆಯ ಅಷ್ಟೂ ಕೂಲಿಯವರು ಗೊರಕೆ ಹೊಡೆಯುತ್ತಿದ್ದರು.

"ನೋಡ್ರಿ ಸಾಹೇಬ್ರ!" ಗೌಡರು ಎದೆ ಉಬ್ಬಿಸಿದರು. "ನಿಮ್ಮ ಯೋಜನಾ ಹೆಂಗ ನಡದೈತಿ, ಕಣ್ಣಾರೆ ನೋಡ್ರಿ!"

ಸಾಹೇಬರ ಮುಖ ಕೆಂಪಾಯಿತು. "ಏನ್ರೀ ಹೆಡ್ಮಾಸ್ಟ್ರೇ, ಎಲ್ರೀ ನಾನು ಹೇಳಿದ ಹೆಚ್ಚಿನ ತಾಸು?"

"ಇದ ಐತಲ್ರಿ, ಸಾಹೇಬ್ರ," ಎಂದರು ಹೆಡ್ಮಾಸ್ತರರು. "ಕೂಡ್ರಿ. ಹುಕುಮಿನ ಪ್ರಕಾರ ಹೆಂಗ ಮಾಡೇವಿ ಅಂತ ಓದಿ ತೋರಸ್ತೇನಿ."

ಚೇರ್ಮನ್ನರು ಬಂದಾಗ ಕೂರಲೆಂದು ಗೌಡರೇ ಕೊಡಿಸಿದ ಆರಾಮಕುರ್ಚಿ ಒಂದಿತ್ತು. ಸಾಹೇಬರು ಧುಮುಗುಟ್ಟುತ್ತ ಅದರಲ್ಲಿ ಕೂತರು. ಹೆಡ್ಮಾಸ್ತರರು ಸಾಹೇಬರದೇ ಹುಕುಮನ್ನು ಮೊದಲಿನಿಂದ, ಪುರಾಣ ಓದುವ ರಾಗದಲ್ಲಿ ಓದತೊಡಗಿದರು. ಒಂದನೇ ಕಲಮಿಗೆ ಸಾಹೇಬರ ಕಣ್ಣು ಸಣ್ಣದಾಯಿತು. ಎರಡನೆಯದಕ್ಕೆ ಗದ್ದ ಎದೆಗೆ ತಾಗಿತು. ಮೂರನೆಯದಕ್ಕೆ ಮರದಡಿಯ ಗೊರಕೆಗಳನ್ನೆಲ್ಲ ಮುಳುಗಿಸುವ ಒಂದು ಗೊರಕೆ ಒಳಗಿನಿಂದ ಎದ್ದಿತು. ಗೌಡರ ತುಪ್ಪ ಕೆಲಸ ಮಾಡಿತ್ತು.

ಗೌಡರು ಚಡಪಡಿಸಿ ಸಾಹೇಬರ ಭುಜ ಅಲುಗಿಸಲು ಹೋದರು. ಹೆಡ್ಮಾಸ್ತರರು ತುಟಿಯ ಮೇಲೆ ಬೆರಳಿಟ್ಟರು. "ಎಬ್ಬಸಬ್ಯಾಡ್ರಿ ಗೌಡ್ರ. ಸರಕಾರಿ ತಾಸು ಇನ್ನೂ ಮುಗದಿಲ್ಲ."

ನಾನು ಗೋಡೆಗೆ ಆತುಕೊಂಡು ನಿಂತಿದ್ದೆ. ತಾಸು ಮುಗಿದದ್ದೇ ಜವಾನ ರೈಲುಹಳಿಗೆ ಢಣಢಣ ಬಾರಿಸಿದ. ಸಾಹೇಬರು ಬೆಚ್ಚಿಬಿದ್ದು ಎದ್ದು, ಟೋಪಿ ಸರಿಮಾಡಿಕೊಂಡು ಸುತ್ತ ನೋಡಿದರು. ಮಕ್ಕಳು ಆಗಲೇ ಮುಖ ತೊಳೆದು ಕೂತು ಮಗ್ಗಿ ಕೂಗುತ್ತಿದ್ದರು, ಸೂರು ಹಾರಿಹೋಗುವ ಹಾಗೆ. ಸಹಾಯಕ ಮಾಸ್ತರರು ಕರಿಹಲಗೆಯ ಮುಂದೆ ನಿಂತಿದ್ದರು. ಕೂಲಿಯವರು ಕುಡುಗೋಲು ಹಿಡಿದು ಗದ್ದೆಗೆ ಹೊರಟಿದ್ದರು.

ಸಾಹೇಬರು ಭೇಟಿಪುಸ್ತಕ ತರಿಸಿದರು. ತಾವು ಎಷ್ಟು ಹೊತ್ತು ಮಲಗಿದ್ದೆವು ಎಂದು ಕೇಳುವಂತೆಯೂ ಇರಲಿಲ್ಲ, ಬೇರೆಯವರು ಯಾಕೆ ಮಲಗಿದ್ದರು ಎಂದು ಬಯ್ಯುವಂತೆಯೂ ಇರಲಿಲ್ಲ. ಕೊನೆಗೆ, "ಹೆಚ್ಚಿನ ತಾಸಿನ ಉಪಯೋಗ ಅತ್ಯಂತ ತೃಪ್ತಿಕರವಾಗಿದೆ. ಖುದ್ದಾಗಿ ಅನುಭವಿಸಿ ನೋಡಿದ್ದೇನೆ," ಎಂದು ಅದರಲ್ಲಿ ಬರೆದು ಸಹಿ ಮಾಡಿದರು. ನನ್ನ ಟ್ರಂಕು ಶಿರಸಿಯಲ್ಲೇ ಉಳಿಯಿತು. ನನಗೆ ಅಲ್ಲೇ ಹೆಡ್ಮಾಸ್ತರರ ಕಾಲಿಗೆ ಬೀಳಬೇಕು ಅನಿಸಿತು.

"ಸಾಹೇಬ್ರ," ಗೌಡರ ದನಿಯಲ್ಲಿ ಅಳುವೊಂದೇ ಬಾಕಿ. "ನನ್ನ ದೂರಿಂದು ಏನ ಮಾಡಿದ್ರಿ?"

ಸಾಹೇಬರು ಗೌಡರ ಹೆಗಲ ಮೇಲೆ ಕೈಯಿಟ್ಟು, ಹುಣಸೆಮರದ ಕಡೆ ನೋಡುತ್ತ ಹೇಳಿದರು.

"ಗೌಡರೇ, ನೀವು ದಾನ ಕೊಟ್ಟಿರೋ ಗಂಟೆ ಬಹಳ ಚೆನ್ನಾಗಿದೆ ಕಣ್ರೀ. ಒಂದೇ ಒಂದು ದೋಷ, ಸ್ವಲ್ಪ ಬೇಗ ಹೊಡೀತು."