ಶನಿವಾರದ ದಣಿವು

ಕೊರಿಯಾದ ಸುವೊನ್ ಊರಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ದಾಲ್‌ಸುವಿನ ಕಷ್ಟಕ್ಕೆಲ್ಲ ಕಾರಣ ಬೆಂಕಿಪೊಟ್ಟಣದಷ್ಟಿದ್ದ ಒಂದು ಯಂತ್ರ. ಬೆಳಗಿನ ಜಾವದ ಫುಟ್‌ಬಾಲ್ ಕೂಟದ ಕೋಚ್ ಮಾ ಎಂಬವರು ಅದನ್ನು ಎಲ್ಲರ ಬೆನ್ನಿಗೂ ಕಟ್ಟಿಸಿದ್ದರು. ಯಾರು ಎಲ್ಲೆಲ್ಲಿ ಓಡಾಡಿದರು, ಮೈ ಎಷ್ಟು ದಣಿಯಿತು ಎಂಬುದೆಲ್ಲ ಅವರ ಫೋನಿಗೆ ಬಂದು ಬೀಳುತ್ತಿತ್ತು.

"ವಾರದ ಮಧ್ಯೆ ಚೆನ್ನಾಗಿ ಬೆವರಿಳಿಸಿ, ಶನಿವಾರ ಸುಮ್ನೆ ಬಿದ್ಕೊಳ್ಳಿ. ಶನಿವಾರ ದಣಿದೋನು ಭಾನುವಾರದ ಮ್ಯಾಚಲ್ಲಿ ಓಡಲ್ಲ. ಅಂಥೋನ್ನ ನಾನು ಆಡ್ಸಲ್ಲ," ಎಂದಿದ್ದರು ಕೋಚ್. ಆಮೇಲೆ ದಾಲ್‌ಸುವಿನ ಕಡೆ ತಿರುಗಿ, "ನೆಟ್ಟಗಿದ್ರೆ ಈ ಸಲ ನಿನ್ನ ಮೊದಲಿಂದ್ಲೇ ಇಳಿಸ್ತೀನಿ," ಎಂದರು.

ಆ ಕೂಟದಲ್ಲೇ ದಾಲ್‌ಸುವಿನ ತಲೆ ನರೆತಿತ್ತು. ಅಷ್ಟು ವರ್ಷವೂ ಬೆಂಚಿನ ಮೇಲೆ ಕೂತು ಉಳಿದವರ ಜಾಕೆಟ್ ಕಾದಿದ್ದ. ಒಂದೇ ಒಂದು ಸಲ ಮೊದಲ ಹನ್ನೊಂದು ಜನರಲ್ಲಿ ನಿಲ್ಲಬೇಕು, ಅದನ್ನು ಹೆಂಡತಿ ಮಿರಾನ್ ನೋಡಬೇಕು. ಪಾಪ, ಅವನಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಆ ಶನಿವಾರವೇ ಮನೆಯಲ್ಲಿ ಚಳಿಗಾಲಕ್ಕೆ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕುವ ದಿನ. ಕೆಳಗೆ ಲಾರಿಯಿಂದ ಇಳಿದ ಕೋಸಿನ ರಾಶಿ, ಮೇಲೆ ನಾಲ್ಕನೇ ಮಹಡಿಯ ಮನೆ, ನಡುವೆ ಲಿಫ್ಟ್ ಇರಲಿಲ್ಲ.

"ನಾಳೆ ಮ್ಯಾಚಿದೆ ಕಣೇ, ಇವತ್ತು ದಣೀಬಾರ್ದು," ಎಂದು ದಾಲ್‌ಸು ಗೊಣಗಿದ.

"ಕಿಮ್ಚಿ ತಿನ್ನೋವಾಗ ಈ ಮಾತು ಬರಲ್ವಲ್ಲ ನಿಮಗೆ. ಅಮ್ಮಂಗೆ ಮಂಡಿನೋವು, ಏಳೋಕೇ ಆಗ್ತಿಲ್ಲ. ಇನ್ಯಾರು ಹೊರ್ತಾರೆ?" ಎಂದಳು ಮಿರಾನ್.

ಸಹಾಯಕ್ಕೆ ಬಂದಿದ್ದ ಎದುರುಮನೆಯಾಕೆ ಮೆಣಸಿನಪುಡಿ ಕಲಸುತ್ತಲೇ, "ಹೊರ್ಲಿ ಬಿಡಮ್ಮ. ಬೆಂಚಲ್ಲಿ ಕೂರೋಕೆ ಕಾಲ್ಯಾಕೆ ಬೇಕು," ಎಂದಳು.

ದಾಲ್‌ಸುವಿಗೆ ಉಪಾಯವೊಂದು ಹೊಳೆಯಿತು. ಒಳಕೋಣೆಯ ಬೆಚ್ಚನೆಯ ನೆಲದ ಮೇಲೆ ಅತ್ತೆ ಕೆಂಪು ಜಾಕೆಟ್ ತೊಟ್ಟು ಮಲಗಿದ್ದರು. ಊರಲ್ಲೇ ಅವರಿಗಿಂತ ಕಡಿಮೆ ಅಲುಗಾಡುವ ಜೀವ ಇರಲಾರದು ಎನ್ನಿಸಿತು. ಯಂತ್ರವನ್ನು ಸುಮ್ಮನೆ ಮೂಲೆಗಿಟ್ಟರೆ ಕೋಚ್‌ಗೆ ಗೊತ್ತಾಗುತ್ತಿತ್ತು, ಅದಕ್ಕೆ ಯಾರದಾದರೂ ಎದೆಬಡಿತ ಬೇಕಿತ್ತು.

"ಅತ್ತೆ, ಇದನ್ನ ಬೆನ್ನಿಗೆ ಕಟ್ಕೊಂಡಿರಿ. ಮಂಡಿನೋವನ್ನ ಹೀರ್ಕೊಳ್ಳುತ್ತಂತೆ," ಎಂದ.

"ಚಿನ್ನದಂಥ ಅಳಿಯಪ್ಪ ನೀನು," ಎಂದು ಅತ್ತೆ ನರಳುತ್ತಾ ಕಟ್ಟಿಸಿಕೊಂಡರು.

ಸಂಜೆಯವರೆಗೂ ದಾಲ್‌ಸು ಹಿಂಬದಿಯ ಮೆಟ್ಟಿಲಿಂದ ತಾರಸಿಗೆ ಕೋಸು ಹೊತ್ತ. ಎಲ್ಲರೂ ತಾರಸಿಯಲ್ಲಿ ಉಪ್ಪು ಹಾಕಿ, ತೊಳೆದು, ಮಸಾಲೆ ಸವರುತ್ತಿದ್ದರು. ಒಳಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಕತ್ತಲಾದ ಮೇಲೆ ಅವನು ಸೊಂಟ ಹಿಡಿದುಕೊಂಡು ಒಳಗೆ ಹೋದಾಗ ಅತ್ತೆ ಅದೇ ಜಾಗದಲ್ಲಿ ಮಲಗಿದ್ದರು.

ಮರುದಿನ ಮೈದಾನದಲ್ಲಿ ಕೋಚ್ ಫೋನು ನೋಡಿ ಕಣ್ಣು ಕೆಂಪಗೆ ಮಾಡಿದರು.

"ನಿನ್ನೆ ಇಡೀ ತಂಡದಲ್ಲಿ ಎಲ್ರಿಗಿಂತ ಜಾಸ್ತಿ ದಣಿದಿರೋನು ನೀನೇ. ಹೋಗು, ಬೆಂಚಲ್ಲಿ ಕೂತ್ಕೋ."

ದಾಲ್‌ಸು ಕೈ ಮುಗಿದ. "ಸಾಧ್ಯವೇ ಇಲ್ಲ ಸಾರ್. ತಪ್ಪಾಯ್ತು, ಅದನ್ನ ಕಟ್ಕೊಂಡಿದ್ದು ನಮ್ಮತ್ತೆ. ಮಂಡಿನೋವಿನೋರು, ದಿನವೆಲ್ಲ ಮಲಗೇ ಇದ್ರು," ಎಂದು ಎಲ್ಲ ಒಪ್ಪಿಕೊಂಡ.

ಕೋಚ್ ಫೋನಿನಲ್ಲಿ ನಕ್ಷೆ ತೆರೆದರು. ಗೆರೆ ದಾಲ್‌ಸುವಿನ ಮನೆಯಿಂದ ಹೊರಟು, ಮಾರುಕಟ್ಟೆ ಹಿಂದಿನ ಡ್ಯಾನ್ಸ್ ಹಾಲ್ ಹೊಕ್ಕು, ಮಧ್ಯಾಹ್ನವೆಲ್ಲ ಅಲ್ಲೇ ಗಿರಗಿರ ಸುತ್ತಿತ್ತು. ಕೋಚ್ ಮುಖ ಉಪ್ಪಿಗೆ ಬಿದ್ದ ಕೋಸಿನಂತೆ ಬಾಡಿತು.

"ಆ ಕೆಂಪು ಜಾಕೆಟ್‌ನೋರು ನಿಮ್ಮತ್ತೇನಾ?" ಎಂದರು ಮೆಲ್ಲಗೆ.

"ಜಾಕೆಟ್ ಬಣ್ಣಾನೂ ಫೋನಲ್ಲಿ ಬರುತ್ತಾ ಸಾರ್?"

ಕೋಚ್ ಮೈದಾನದ ಅಂಚಿನಲ್ಲಿ ಎಲ್ಲರಿಗೂ ಸೂಪು ಬಡಿಸುತ್ತಿದ್ದ ತಮ್ಮ ಹೆಂಡತಿಯನ್ನೊಮ್ಮೆ ನೋಡಿ, ಫೋನು ಜೇಬಿಗೆ ಹಾಕಿದರು. "ಶೂ ಕಟ್ಕೋ. ಮೊದಲಿಂದ್ಲೇ ಆಡ್ತೀಯ. ನಿನ್ನೆ ವಿಷಯ ಯಾರತ್ರಾನೂ ಬೇಡ."

ಹಾಗೆ ದಾಲ್‌ಸು ಕೊನೆಗೂ ಮೊದಲ ಹನ್ನೊಂದು ಜನರಲ್ಲಿ ನಿಂತ. ಅಂಚಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ಮಿರಾನ್ ಕೈ ಬೀಸಿದಳು, ಅವನೂ ಬೀಸಿದ. ಅಷ್ಟರಲ್ಲಿ ಚೆಂಡು ಬಂತು. ಅವನ ಕಾಲು ಮಾತ್ರ ಇನ್ನೂ ನಾಲ್ಕನೇ ಮಹಡಿಯ ಮೆಟ್ಟಿಲಲ್ಲೇ ಇತ್ತು. ಎರಡು ಹೆಜ್ಜೆ ಓಡುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಅಂಗಾತ ಬಿದ್ದ.

"ನೋಡಿದ್ರಾ? ಶನಿವಾರ ದಣಿದೋನ ಗತಿ ಇದೇ," ಎಂದು ಕೋಚ್ ತಂಡಕ್ಕೆ ಗಂಭೀರವಾಗಿ ಪಾಠ ಹೇಳಿದರು.

ಎಲ್ಲರಿಗಿಂತ ಮೊದಲು ಅವನ ಬಳಿಗೆ ಓಡಿ ಬಂದದ್ದು ಕೆಂಪು ಜಾಕೆಟ್. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಮಿರಾನ್, "ಅಮ್ಮಾ, ನಿನ್ನ ಮಂಡಿ?" ಎಂದಳು. ಅತ್ತೆ ತಕ್ಷಣ ಕುಂಟತೊಡಗಿದರು.

"ನೋಡಿದ್ರಾ, ಹೇಗೆ ಕುಂಟ್ತಿದಾಳೆ ಪಾಪ," ಎಂದಳು ಮಿರಾನ್ ಗಂಡನ ಕಾಲು ತಿಕ್ಕುತ್ತಾ. "ಮುಂದಿನ ಶನಿವಾರ ಅಕ್ಕನ ಮನೇಲಿ ಕಿಮ್ಚಿ ಹಾಕ್ತಾರೆ. ಅಲ್ಲೂ ಕೋಸು ನೀವೇ ಹೊರ್ಬೇಕು."

ದಾಲ್‌ಸು ಅತ್ತೆಯನ್ನು ನೋಡಿದ, ಕೋಚನ್ನು ನೋಡಿದ. ಒಬ್ಬರು ಮಂಡಿ ನೀವಿಕೊಳ್ಳುತ್ತಿದ್ದರು, ಇನ್ನೊಬ್ಬರು ಆಕಾಶ ನೋಡುತ್ತಿದ್ದರು.

"ಹೂಂ," ಎಂದ.